‘ಅವರನ್ನು ಕೇಳಿದಿರಾ?’ – ನಾಗರಹೊಳೆ ಹಾಡಿಯಿಂದ ವಾಷಿಂಗ್ಟನ್‌ವರೆಗೆ ಹೋದ ಒಂದು ಅರ್ಜಿ

ಹುಣಸೂರು ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಸೈಟಿನ ತಕರಾರೋ ಬದುವಿನ ಜಗಳವೋ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವೋ ಮಾತಿಗೆ ಬಂತೆಂದರೆ ಸಾಕು, ಒಬ್ಬರಾದರೂ ತೊಡೆ ತಟ್ಟಿ ಅನ್ನುವುದು ಒಂದೇ ಮಾತು: “ಸುಪ್ರೀಂ ಕೋರ್ಟಿಗೆ ಹೋದ್ರೂ ಬಿಡಲ್ಲ!” ಹಾಗಂದವರಲ್ಲಿ ಮುಕ್ಕಾಲು ಪಾಲು ಜನ ಹುಣಸೂರು ಕೋರ್ಟಿನ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯುವ ಹೊತ್ತಿಗೆ ಸುಸ್ತಾಗಿ ರಾಜಿಗೆ ಬರುತ್ತಾರೆ. ಅದು ಬೇರೆ ವಿಷಯ.

ಆದರೆ ಇದೇ ಸೀಮೆಯ ಕಾಡೊಳಗಿನಿಂದ ಹೊರಟ ಒಂದು ಅರ್ಜಿ ಬೆಂಗಳೂರನ್ನೂ ದಿಲ್ಲಿಯನ್ನೂ ದಾಟಿ, ಸಮುದ್ರವನ್ನೂ ದಾಟಿ, ಅಮೆರಿಕದ ವಾಷಿಂಗ್ಟನ್ ನಗರದ ಮೇಜಿನ ಮೇಲೆ ಹೋಗಿ ಕೂತದ್ದುಂಟು. ಕಳಿಸಿದವರು ತಂಬಾಕು ಸಾಹುಕಾರರಲ್ಲ, ಎಸ್ಟೇಟ್ ಮಾಲೀಕರಲ್ಲ. ನಾಗರಹೊಳೆಯ ಹಾಡಿಗಳಲ್ಲಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು. ವರ್ಷ 1998.

ಆ ಅರ್ಜಿ ಗೆದ್ದಿತೇ ಸೋತಿತೇ ಅಂದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಆದರೆ ಅದು ಎತ್ತಿದ ಪ್ರಶ್ನೆ ಮಾತ್ರ ಈಗಲೂ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಚೇರಿಗಳ ಕಡತಗಳಲ್ಲಿ ಜೀವಂತವಾಗಿದೆ. ಪ್ರಶ್ನೆ ಬಹಳ ಸಣ್ಣದು: “ಎಬ್ಬಿಸುವ ಮೊದಲು ಅವರನ್ನು ಕೇಳಿದಿರಾ?”

ಅಂಬಾರಿ ಹೊರಿಸಲು ಬೇಕು, ಇರಲು ಬೇಡ

ದಸರಾ ಬಂತೆಂದರೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಗೇಟಿನ ಹತ್ತಿರ ಮಂತ್ರಿಗಳ ಕಾರುಗಳ ಸಾಲು. ಆನೆಗಳಿಗೆ ಹೂವು, ಬೆಲ್ಲ, ಕಬ್ಬು, ಮಂಗಳಾರತಿ. ಗಜಪಯಣ ಅಲ್ಲಿಂದ ಶುರು. ಆ ಆನೆಗಳ ಕಿವಿ ಹಿಂದೆ ಕೂರುವ ಮಾವುತರು, ಪಕ್ಕದಲ್ಲಿ ನಡೆಯುವ ಕಾವಾಡಿಗಳು ಹೆಚ್ಚಿನವರು ಜೇನುಕುರುಬ, ಬೆಟ್ಟಕುರುಬ ಜನ. ಮಹಾರಾಜರ ಕಾಲದಲ್ಲಿ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿದ್ದಾಗ ಆನೆ ಹಿಂಡಿನ ಜಾಡು ಹಿಡಿದವರೂ ಇವರೇ. 1971ಕ್ಕೆ ಕಡೆಯ ಖೆಡ್ಡಾ ಆಯಿತು. ಆಮೇಲೆ ಕಬಿನಿ ಅಣೆಕಟ್ಟಿನ ಹಿನ್ನೀರು ಬಂದು ಆ ಖೆಡ್ಡಾ ಬಯಲನ್ನೇ ನುಂಗಿತು.

ಕಾಡಿನ ಹೆಸರೂ ಬದಲಾಗುತ್ತಾ ಹೋಯಿತು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅದರ ಬೆನ್ನಿಗೆ ಕಾಡು ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ಪ್ರತ್ಯೇಕ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚನ್ನು ಹಿಡಿದು ಆಚೆ ಕೊಡಗಿನವರೆಗೆ ಹಬ್ಬಿದೆ.

ಬೋರ್ಡು ಬದಲಾದ ಹಾಗೆಲ್ಲ ಒಳಗಿದ್ದವರ ಕಾನೂನು ಸ್ಥಿತಿಯೂ ಬದಲಾಯಿತು. ಜೇನು ಕೀಳುವುದು ತಪ್ಪು, ಗೆಡ್ಡೆ ಅಗೆಯುವುದು ತಪ್ಪು, ಗುಡಿಸಲ ಹೆಂಚು ಬದಲಾಯಿಸುವುದಕ್ಕೂ ಸಾಹೇಬರನ್ನು ಕೇಳಬೇಕು. ನೂರಾರು ಕುಟುಂಬಗಳು 1970ರ ದಶಕದಿಂದೀಚೆಗೆ ಕಾಡಿನಿಂದ ಹೊರಕ್ಕೆ ಬಂದವು. ಎಷ್ಟೋ ಜನಕ್ಕೆ ಪರಿಹಾರ ಎಂಬ ಪದವೇ ಕಿವಿಗೆ ಬೀಳಲಿಲ್ಲ. ಬೆಳಗಾಗೆದ್ದು ಜೀಪಿನಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರನ್ನು ಹನಗೋಡು ದಾರಿಯ ಬಸ್ಸಿನ ಪ್ರಯಾಣಿಕರು ದಿನಾ ನೋಡಿದ್ದಾರೆ. ಅವರ ಅಪ್ಪಂದಿರು ಯಾವ ಕಾಡಿನವರು ಅಂತ ಕೇಳಿದವರು ಕಡಿಮೆ.

ಇಲ್ಲಿ ಒಂದು ವಿಚಿತ್ರವಿದೆ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಜಾರಿಗೆ ಬಂದು, ಉಳುವವನಿಗೆ ಭೂಮಿ ಸಿಕ್ಕಿತು. ಗೇಣಿದಾರ ಡಿಕ್ಲರೇಷನ್ ಹಾಕಿದ, ಭೂನ್ಯಾಯ ಮಂಡಳಿ ಮುಂದೆ ನಿಂತ, ಪಹಣಿಗೆ ಹೆಸರು ಬಂತು. ಹಾಡಿಯವನ ಹತ್ತಿರ ಗೇಣಿ ಚೀಟಿಯೂ ಇಲ್ಲ, ಪಹಣಿಯೂ ಇಲ್ಲ, ಧಣಿಯೂ ಇಲ್ಲ. ಇದ್ದದ್ದು ಅಜ್ಜನ ಸಮಾಧಿ, ದೇವರ ಕಲ್ಲು, ಒಂದು ತೊರೆ. ಅದನ್ನು ದಾಖಲೆ ಅಂತ ಒಪ್ಪುವ ಕಾನೂನು ಆಗ ಇನ್ನೂ ಹುಟ್ಟಿರಲಿಲ್ಲ.

ಹೋಟೆಲಿಗೆ ಬಿದ್ದ ಬೀಗ

ಹಾಡಿಯವರ ಗುಡಿಸಲಿಗೆ ಜಾಗವಿಲ್ಲ ಎಂದ ಕಾಡಿನಲ್ಲಿ ಸ್ಟಾರ್ ಹೋಟೆಲಿಗೆ ಜಾಗ ಸಿಕ್ಕಿದ್ದು 1990ರ ದಶಕದಲ್ಲಿ. ಉದ್ಯಾನದೊಳಗಿನ ಮುರ್ಕಲ್‌ನಲ್ಲಿ ಸರ್ಕಾರ ಕಟ್ಟಿಸಿದ್ದ ಕಟ್ಟಡಗಳನ್ನು ತಾಜ್ ಸಮೂಹಕ್ಕೆ ಸೇರಿದ ಹೋಟೆಲ್ ಕಂಪನಿಯೊಂದಕ್ಕೆ ಗುತ್ತಿಗೆ ಕೊಡಲಾಯಿತು. ಪ್ರವಾಸಿಗಳಿಗೆ ಲಾಡ್ಜ್ ಆಗಬೇಕು ಅಂತ ಏರ್ಪಾಟು.

ಹಾಡಿಯ ಜನ ಕೆರಳಿದರು. ನಾಗರಹೊಳೆ ಬುಡಕಟ್ಟು ಹಕ್ಕುಸ್ಥಾಪನಾ ಸಮಿತಿ ಎಂಬ ಹೆಸರಿನಲ್ಲಿ ಒಟ್ಟಾಗಿದ್ದವರು 1996ರಲ್ಲಿ ಧರಣಿ, ಮೆರವಣಿಗೆ ನಡೆಸಿದರು. ಬರೀ ಘೋಷಣೆ ಕೂಗಿ ಮನೆಗೆ ಹೋಗಿದ್ದರೆ ಅದು ಒಂದು ದಿನದ ಸುದ್ದಿಯಾಗಿ ಮುಗಿಯುತ್ತಿತ್ತು. ಅವರು ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು.

1997ರಲ್ಲಿ ತೀರ್ಪು ಬಂತು. ಅರಣ್ಯ ಸಂರಕ್ಷಣೆ ಕಾಯ್ದೆ, 1980ರ ಪ್ರಕಾರ ಅರಣ್ಯ ಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆದಿರಲಿಲ್ಲ. ಗುತ್ತಿಗೆ ಬಿದ್ದುಹೋಯಿತು. ಲಾಡ್ಜ್ ಬಾಗಿಲು ತೆರೆಯಲೇ ಇಲ್ಲ.

ವಕೀಲರ ಕೋಣೆಗಳಲ್ಲಿ ಈ ತೀರ್ಪು ಇವತ್ತಿಗೂ ಓದಲ್ಪಡುತ್ತದೆ. ಆದರೆ ಅದರ ಒಳಮರ್ಮ ಗಮನಿಸಬೇಕು. ಹೋಟೆಲು ನಿಂತದ್ದು ದಿಲ್ಲಿಯನ್ನು ಕೇಳಲಿಲ್ಲ ಎಂಬ ಕಾರಣಕ್ಕೆ. ಹಾಡಿಯನ್ನು ಕೇಳಲಿಲ್ಲ ಎಂಬ ದೂರು ಹಾಗೇ ಉಳಿಯಿತು. ಗೆದ್ದವರು ಹಾಡಿಯವರೇ, ಹಕ್ಕುಪತ್ರ ಮಾತ್ರ ಅವರ ಕೈಗೆ ಬರಲಿಲ್ಲ.

ವಾಷಿಂಗ್ಟನ್‌ಗೆ ಹೋದ ಟಪಾಲು

ಹೋಟೆಲಿನ ಗಲಾಟೆ ನಡೆಯುತ್ತಿದ್ದಾಗಲೇ ಇನ್ನೊಂದು ದೊಡ್ಡ ಯೋಜನೆ ಬಾಗಿಲು ತಟ್ಟಿತ್ತು. ಹೆಸರು ಪರಿಸರ ಅಭಿವೃದ್ಧಿ ಯೋಜನೆ. ದೇಶದ 7 ಕಾಡುಗಳು ಅದರಲ್ಲಿ ಸೇರಿದ್ದವು: ಗುಜರಾತಿನ ಗಿರ್, ರಾಜಸ್ಥಾನದ ರಣಥಂಬೋರ್, ಕೇರಳದ ಪೆರಿಯಾರ್, ಬಂಗಾಳದ ಬುಕ್ಸಾ, ಪಲಾಮು, ಪೆಂಚ್, ಮತ್ತು ನಮ್ಮ ನಾಗರಹೊಳೆ. ಒಟ್ಟು ವೆಚ್ಚ 6 ಕೋಟಿ 70 ಲಕ್ಷ ಡಾಲರ್. ಅದರಲ್ಲಿ 2 ಕೋಟಿ 80 ಲಕ್ಷ ವಿಶ್ವಬ್ಯಾಂಕಿನ ಸಾಲ, 2 ಕೋಟಿ ಜಾಗತಿಕ ಪರಿಸರ ನಿಧಿಯ ಅನುದಾನ. 1996ರಲ್ಲಿ ಮಂಜೂರಾಯಿತು.

ಕಾಡಿನ ಮೇಲಿನ ಜನರ ಒತ್ತಡ ಕಡಿಮೆ ಮಾಡುವುದು ಯೋಜನೆಯ ಗುರಿ. ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. ಆದರೆ ಆ ಹೊತ್ತಿಗೆ ಉದ್ಯಾನದೊಳಗೆ 50ಕ್ಕೂ ಹೆಚ್ಚು ಹಾಡಿ, ಸುಮಾರು 6,000 ಜನ ಇದ್ದರು. ‘ಒತ್ತಡ’ ಅಂದರೆ ತಾವೇ ಎಂಬುದು ಅವರಿಗೆ ಅರ್ಥವಾಯಿತು.

ವಿಶ್ವಬ್ಯಾಂಕಿಗೆ ತನ್ನದೇ ನಿಯಮಗಳಿವೆ. ಯೋಜನೆ ನಡೆಯುವ ಜಾಗದಲ್ಲಿ ಬುಡಕಟ್ಟು ಜನರಿದ್ದರೆ ಅವರ ಜೊತೆ ಮೊದಲೇ ಮಾತಾಡಬೇಕು, ಅವರಿಗಾಗಿ ಬೇರೆ ಯೋಜನೆ ಬರೆಯಬೇಕು, ಬಲವಂತವಾಗಿ ಎಬ್ಬಿಸಬಾರದು. ಬ್ಯಾಂಕೇ ತನ್ನ ನಿಯಮ ಮುರಿದರೆ? ಅದಕ್ಕೆಂದು 1993ರಲ್ಲಿ ತನಿಖಾ ಮಂಡಳಿ ಎಂಬುದೊಂದನ್ನು ಬ್ಯಾಂಕು ಸ್ಥಾಪಿಸಿಕೊಂಡಿತ್ತು. ಇದರ ರೀತಿ ಕೇಳಿದರೆ ನಮ್ಮ ಕಕ್ಷಿದಾರರಿಗೆ ಆಶ್ಚರ್ಯವಾದೀತು. ಕೋರ್ಟ್ ಫೀ ಇಲ್ಲ. ಸ್ಟ್ಯಾಂಪ್ ಕಾಗದ ಬೇಡ. ವಕೀಲರೇ ಬೇಕೆಂದಿಲ್ಲ. ತೊಂದರೆಗೊಳಗಾದವರು ಇಬ್ಬರಾದರೂ ಸೇರಿ ಒಂದು ಕಾಗದ ಬರೆದು ಸಹಿ ಹಾಕಿದರೆ ಸಾಕು. ಅವರವರ ಭಾಷೆಯಲ್ಲೇ ಬರೆಯಬಹುದು.

1998ರ ಏಪ್ರಿಲ್ 2ರಂದು ನಾಗರಹೊಳೆ ಸಮಿತಿಯ ದೂರು ಅಲ್ಲಿ ದಾಖಲಾಯಿತು. ಹೇಳಿದ್ದು ಇಷ್ಟು: ಯೋಜನೆ ಮಾಡುವಾಗ ನಮ್ಮನ್ನು ಕೇಳಲಿಲ್ಲ, ನಮಗಾಗಿ ಪ್ರತ್ಯೇಕ ಯೋಜನೆ ಬರೆಯಲಿಲ್ಲ, ಇದು ನಡೆದರೆ ನಾವು ಕಾಡು ಬಿಡಬೇಕಾಗುತ್ತದೆ.

ಬ್ಯಾಂಕಿನ ಅಧಿಕಾರಿಗಳು ಆರೋಪ ಅಲ್ಲಗಳೆದರು. ಮಂಡಳಿ ಎರಡೂ ಕಡೆ ಕೇಳಿತು. ದೂರಿನಲ್ಲಿ ಹುರುಳಿದೆ, ತಯಾರಿಯ ಹಂತದಲ್ಲಿ ಬುಡಕಟ್ಟು ಜನರ ಜೊತೆ ಸಮಾಲೋಚನೆ ಸಾಲದಾಗಿತ್ತು, ಆದ್ದರಿಂದ ಪೂರ್ಣ ತನಿಖೆ ಆಗಲಿ ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು.

ಅಲ್ಲಿಗೆ ಗೆದ್ದ ಹಾಗೆಯೇ ಅಂದುಕೊಂಡರೆ, ದೇವರು ಕೊಟ್ಟರೂ ಪೂಜಾರಿ ಕೊಡ! ಮಂಡಳಿಗೆ ಶಿಫಾರಸು ಮಾಡುವ ಅಧಿಕಾರ ಮಾತ್ರ. ತನಿಖೆಗೆ ಒಪ್ಪಿಗೆ ಕೊಡಬೇಕಾದವರು ಬ್ಯಾಂಕಿನ ನಿರ್ದೇಶಕರು. ಡಿಸೆಂಬರ್‌ನಲ್ಲಿ ಸಭೆ ಸೇರಿದ ಅವರು ತನಿಖೆ ಬೇಡವೆಂದರು. ಅದರ ಬದಲು ಬ್ಯಾಂಕಿನ ಅಧಿಕಾರಿಗಳು ಕರ್ನಾಟಕ ಸರ್ಕಾರ ಮತ್ತು ಜನರ ಜೊತೆ ಸೇರಿ ಲೋಪಗಳನ್ನು ಸರಿಪಡಿಸಲಿ ಎಂದರು. ಅಂದರೆ ಕಾಗದ ಸಾವಿರಾರು ಮೈಲಿ ಹೋಗಿ, ಮತ್ತೆ ಹುಣಸೂರು–ಕೋಟೆಗೇ ವಾಪಸ್ ಬಂತು.

ಹಾಗಾದರೆ ಹೋದದ್ದು ದಂಡವೇ? ಹಾಗೆನ್ನಲಾಗದು. ಹಾಡಿಯ ಮಾತಿನಲ್ಲಿ ಹುರುಳಿದೆ ಎಂದು ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಕಾಗದದಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಇವರ ಮಾತು ಗಾರ್ಡಿನ ಡೈರಿಯಲ್ಲೂ ಬರೆಸಿಕೊಂಡದ್ದಿಲ್ಲ.

ಹೇಗ್ ಕೋರ್ಟೂ ಮಂಗಳೂರಿನ ಬಿ.ಎನ್. ರಾಯರೂ

ಇಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಅದ್ಯಾಕ್ರೀ ಬ್ಯಾಂಕಿಗೆ ಹೋದ್ರು? ಹೇಗ್‌ನಲ್ಲಿ ಇಂಟರ್‌ನ್ಯಾಷನಲ್ ಕೋರ್ಟು ಇಲ್ವಾ?” ಇದೆ. ನೆದರ್‌ಲೆಂಡ್ಸ್ ದೇಶದ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವಿದೆ. ಆದರೆ ಅಲ್ಲಿ ಕಕ್ಷಿದಾರರಾಗುವುದು ದೇಶಗಳು ಮಾತ್ರ. ಕುಲಭೂಷಣ್ ಜಾಧವ್ ಅವರ ವಿಷಯದಲ್ಲಿ ಪಾಕಿಸ್ತಾನದ ಮೇಲೆ ಭಾರತ ದೇಶವೇ ದಾವೆ ಹೂಡಿ 2019ರಲ್ಲಿ ಅನುಕೂಲದ ತೀರ್ಪು ಪಡೆಯಿತು. ಜಾಧವ್ ಅವರ ಮನೆಯವರು ನೇರ ಹೋಗಿದ್ದರೆ ಗೇಟೇ ತೆರೆಯುತ್ತಿರಲಿಲ್ಲ. ಕೋಟೆಯ ಹಾಡಿಯವನಿಗೂ ಅಷ್ಟೇ, ಕೆ.ಆರ್. ನಗರದ ರೈಸ್ ಮಿಲ್ ಮಾಲೀಕನಿಗೂ ಅಷ್ಟೇ.

ಆ ಹೇಗ್ ಕೋರ್ಟಿನ ನ್ಯಾಯಾಧೀಶರ ಪೀಠದಲ್ಲಿ ಕೂತ ಕನ್ನಡ ನಾಡಿನವರೊಬ್ಬರಿದ್ದಾರೆ: ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಕೇಂಬ್ರಿಜ್‌ನಲ್ಲಿ ಓದಿ, ಐ.ಸಿ.ಎಸ್. ಸೇರಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿ, 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಸಂವಿಧಾನದ ಮೊದಲ ಕರಡು ತಯಾರಾದದ್ದು ಅವರ ಮೇಜಿನ ಮೇಲೆ. ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1952ರಲ್ಲಿ ಹೇಗ್ ನ್ಯಾಯಾಲಯದ ನ್ಯಾಯಾಧೀಶ. ಮಾರನೇ ವರ್ಷ ನವೆಂಬರ್ 30ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.

ರಾಯರಿಗೂ ನಾಗರಹೊಳೆಗೂ ಏನು ಸಂಬಂಧ ಅಂದರೆ, ಇದೆ. 1947ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ರಾಯರು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜೀವ, ಸ್ವಾತಂತ್ರ್ಯ ಕಸಿಯುವ ಕಾನೂನು ನ್ಯಾಯವಾಗಿದೆಯೇ ಎಂದು ತೂಗುವ ಅಧಿಕಾರವನ್ನು ಕೋರ್ಟಿಗೆ ಬಿಟ್ಟರೆ, ಶಾಸನಸಭೆ ಮಾಡಿದ ಒಳ್ಳೆ ಕಾನೂನಿಗೂ ತೊಡಕಾಗಬಹುದು ಎಂಬ ಅಭಿಪ್ರಾಯ ಅಲ್ಲಿಂದ ಬಂತು. ಕಡೆಗೆ ಸಂವಿಧಾನದ 21ನೇ ವಿಧಿಯಲ್ಲಿ ಉಳಿದದ್ದು ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬ ಮಾತು. ಕ್ರಮ ಅಂತ ಒಂದು ಇದ್ದರೆ ಆಯಿತು, ಅದು ನ್ಯಾಯವೋ ಅನ್ಯಾಯವೋ ಎಂಬುದನ್ನು ಕೋರ್ಟು ಕೇಳುವ ಹಾಗಿಲ್ಲ ಎಂಬ ಅರ್ಥ ಬಹಳ ವರ್ಷ ನಡೆಯಿತು.

1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹಾಕಿತು. ಕ್ರಮ ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಎಂದಿತು. 1985ರಲ್ಲಿ ಬೊಂಬಾಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆ ಬಂತು. ಪತ್ರಕರ್ತೆ ಓಲ್ಗಾ ಟೆಲಿಸ್ ಅರ್ಜಿದಾರರಲ್ಲಿ ಒಬ್ಬರು. ಹೊಟ್ಟೆಪಾಡು ಎಂಬುದೂ ಜೀವದ ಹಕ್ಕಿನ ಒಂದು ಭಾಗ, ಎಬ್ಬಿಸುವ ಮೊದಲು ಅವರ ಮಾತು ಕೇಳಬೇಕು ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು. ಎಬ್ಬಿಸಲೇಬಾರದು ಎನ್ನಲಿಲ್ಲ. ಕೇಳದೆ ಎಬ್ಬಿಸಬೇಡಿ ಎಂದರು.

ಬೊಂಬಾಯಿಯ ಫುಟ್‌ಪಾತಿಗೆ ಹೇಳಿದ ಮಾತು ನಾಗರಹೊಳೆಯ ಹಾಡಿಗೂ ಅನ್ವಯವಾಗುತ್ತದೆ ಎಂಬುದೇ ಆಮೇಲಿನ ವಕೀಲರ ವಾದದ ಬುನಾದಿ.

ಎದ್ದವರ ಕಥೆ ಮೂರು

ಕೆ.ಆರ್. ನಗರದವರು, “ನಮಗ್ಯಾಕೆ ಕಾಡಿನ ಉಸಾಬರಿ” ಅನ್ನಬಹುದು. ಆದರೆ ಅವರ ಊರೇ ಒಂದು ಕಾಲಕ್ಕೆ ಎದ್ದು ಬಂದ ಊರು. ಹಳೆಯ ಎಡತೊರೆಗೆ ಕಾವೇರಿ ಪ್ರವಾಹ ಕಾಟ ಕೊಟ್ಟ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಸ ಜಾಗದಲ್ಲಿ ಕಟ್ಟಿದ ಪಟ್ಟಣ ಅದು. ಹೆಸರೂ ಮಹಾರಾಜರದೇ. ಅಗಲವಾದ ಬೀದಿ ಹಾಕಿ, ಜಾಗ ತೋರಿಸಿ, ಜನರನ್ನು ಕರೆತಂದರು.

ಎರಡನೆಯದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರಲ್ಲಿ ಟಿಬೆಟಿನಿಂದ ನಿರಾಶ್ರಿತರು ಬಂದಾಗ ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ನೆಲ ಕೊಟ್ಟಿತು. ಆಮೇಲೆ ಹುಣಸೂರಿನ ಗುರುಪುರದಲ್ಲೂ ವಸಾಹತು ಆಯಿತು. ಟಿಬೆಟಿಯನ್ನರ ಮಾನವ ಹಕ್ಕಿನ ಬಗ್ಗೆ 1959, 1961ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ನಿರ್ಣಯ ಮಾಡಿತ್ತು. ಜಗತ್ತಿನ ಕಣ್ಣು ಅವರ ಮೇಲಿತ್ತು. ಅವರು ಕಾಡು ಕಡಿದು ಜೋಳ ಬೆಳೆದರು, ಕಷ್ಟಪಟ್ಟು ಬೇರೂರಿದರು. ಯಾರಿಗೂ ಹೊಟ್ಟೆಕಿಚ್ಚು ಬೇಡ. ನಿರಾಶ್ರಿತರಿಗೆ ನೆಲ ಕೊಟ್ಟದ್ದು ಈ ಸೀಮೆಗೆ ಹೆಸರು ತಂದ ಕೆಲಸ. ಆದರೆ ಹಿಮಾಲಯದಾಚೆಯಿಂದ ಬಂದವರಿಗೆ ಸಿಕ್ಕ ಏರ್ಪಾಟು ಹತ್ತು ಹರದಾರಿಯ ಕಾಡಿನಿಂದ ಬಂದವರಿಗೆ ಯಾಕೆ ಸಿಗಲಿಲ್ಲ?

ಮೂರನೆಯದು ಹಾಡಿಯವರದೇ. 1999ರಿಂದೀಚೆಗೆ ಹುಣಸೂರು ತಾಲ್ಲೂಕಿನ ನಾಗಾಪುರ, ಶೆಟ್ಟಿಹಳ್ಳಿ, ಕೋಟೆ ತಾಲ್ಲೂಕಿನ ಸೊಳ್ಳೆಪುರದಂಥ ಕಡೆ ಪುನರ್ವಸತಿ ಕೇಂದ್ರಗಳಾದವು. ಮನೆ, ಐದೈದು ಎಕರೆ ಜಮೀನು, ಶಾಲೆ, ಕರೆಂಟು ಎಂಬ ಲೆಕ್ಕ. ಮಕ್ಕಳು ಸ್ಕೂಲಿಗೆ ಹೋದರು, ಹೆರಿಗೆ ನೋವು ಬಂದರೆ ಆಸ್ಪತ್ರೆ ಹತ್ತಿರವಾಯಿತು ಎಂದು ಮೆಚ್ಚಿದವರಿದ್ದಾರೆ. ಬೇಸಾಯ ಗೊತ್ತಿಲ್ಲದ ಕೈಗೆ ಜಮೀನು ಕೊಟ್ಟು, ಅದು ಗುತ್ತಿಗೆಗೆ ಹೋಗಿ, ಮಾಲೀಕನೇ ಅದರಲ್ಲಿ ಕೂಲಿಯಾದದ್ದೂ ಉಂಟು. ಎರಡೂ ನಿಜ.

ಅದಕ್ಕೂ ಮೊದಲು ಬರಿಗೈಯಲ್ಲಿ ಹೊರಬಂದವರ ಲೆಕ್ಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೋಯಿತು. ಕೋರ್ಟು ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಮಿತಿ ಹಾಡಿಗಳನ್ನು ಸುತ್ತಿ 2014ರಲ್ಲಿ ವರದಿ ಕೊಟ್ಟಿತು. ಪುನರ್ವಸತಿ ಸಿಗಬೇಕಾದ ಕುಟುಂಬಗಳು 3,418 ಎಂಬ ಲೆಕ್ಕ ಅದರಲ್ಲಿದೆ. ಆ ಸಂಖ್ಯೆ ಹಿಡಿದು ಹುಣಸೂರಿನಲ್ಲಿ, ಮೈಸೂರಿನಲ್ಲಿ ನಡೆದ ಧರಣಿಗಳು ಒಂದೆರಡಲ್ಲ. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಕೊಡಗಿನ ಕಡೆಯ ಕರಡಿಕಲ್ಲು ಹಾಡಿಗೆ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ತಾವಾಗಿಯೇ ಕಾಡೊಳಗೆ ವಾಪಸ್ ನಡೆದವು. ಕಡತ ನಿಂತಲ್ಲೇ ನಿಂತರೆ ಕಾಲು ನಡೆಯುತ್ತದೆ.

ಇನ್ನೊಂದು ಮಗ್ಗಲು

ಒಂದೇ ಕಡೆ ಹೇಳಿದರೆ ನ್ಯಾಯವಾಗದು. ನಾಗರಹೊಳೆ ದೇಶದಲ್ಲೇ ಹುಲಿ ದಟ್ಟವಾಗಿರುವ ಕಾಡುಗಳಲ್ಲೊಂದು. ಡಾ. ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಗಳ ಅಧ್ಯಯನ ಮಾಡಿದ್ದು ಇಲ್ಲೇ. ಕಾಡು ಹರಿದು ಹಂಚಿಹೋದರೆ ಆನೆ ಊರಿಗೆ ಬರುತ್ತದೆ, ಹುಲಿ ದನದ ಕೊಟ್ಟಿಗೆಗೆ ಬರುತ್ತದೆ. ಅದರ ನೋವು ಹನಗೋಡು, ಅಂತರಸಂತೆ ಸುತ್ತಿನ ರೈತರಿಗೆ ಗೊತ್ತು. ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಒಳ್ಳೆ ಪರಿಹಾರ ಕೊಟ್ಟರೆ ಕಾಡಿಗೂ ಜನಕ್ಕೂ ಹಿತ ಎಂಬ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಹುಲಿ ಯೋಜನೆಯಲ್ಲಿ ಈ ಮೊತ್ತ ಕುಟುಂಬವೊಂದಕ್ಕೆ 10 ಲಕ್ಷ ರೂಪಾಯಿ ಇತ್ತು, 2021ರಲ್ಲಿ 15 ಲಕ್ಷಕ್ಕೆ ಏರಿತು.

ಜಗಳ ಇರುವುದು ‘ಸ್ವಇಚ್ಛೆ’ ಎಂಬ ಪದದ ಮೇಲೆ. ಕರೆಂಟಿಲ್ಲ, ರಸ್ತೆಯಿಲ್ಲ, ಜೇನು ಕೀಳಬೇಡ, ನಾಯಿ ಸಾಕಬೇಡ ಅಂತ ಇಪ್ಪತ್ತು ವರ್ಷ ಹಿಂಡಿ, ಆಮೇಲೆ “ಹೋಗ್ತೀರಾ?” ಎಂದು ಕೇಳಿದರೆ ಬರುವ ‘ಹೂಂ’ ಎಷ್ಟರ ಮಟ್ಟಿಗೆ ಇಚ್ಛೆ?

ಈ ಪ್ರಶ್ನೆಗೆ ಕಾನೂನು ಕಡೆಗೂ ಉತ್ತರ ಬರೆಯಿತು. 2006ರ ಅರಣ್ಯ ಹಕ್ಕು ಕಾಯ್ದೆ 2007ರ ಡಿಸೆಂಬರ್ 31ರಂದು ಜಾರಿಗೆ ಬಂತು. ವನ್ಯಜೀವಿಗೆ ಅತಿ ಮುಖ್ಯವಾದ ಕಾಡಿನಿಂದಲೂ ಜನರನ್ನು ಕಳಿಸಬೇಕಾದರೆ ಮೊದಲು ಅವರ ಹಕ್ಕು ಗುರುತಿಸಿ ಮುಗಿಸಬೇಕು. ಜನ ಇರುವುದರಿಂದ ಸರಿಪಡಿಸಲಾಗದ ಹಾನಿಯಾಗುತ್ತಿದೆ, ಜೊತೆಗಿರುವ ದಾರಿಯೇ ಇಲ್ಲ ಎಂಬುದು ಖಚಿತವಾಗಬೇಕು. ಗ್ರಾಮಸಭೆ ಎಲ್ಲ ತಿಳಿದು ಬರವಣಿಗೆಯಲ್ಲಿ ಒಪ್ಪಬೇಕು. ಹೊಸ ಜಾಗದಲ್ಲಿ ಜಮೀನು, ಸೌಕರ್ಯ ಪೂರ್ತಿ ಆಗುವವರೆಗೆ ಒಬ್ಬರನ್ನೂ ಕದಲಿಸಬಾರದು. ಸಾಕ್ಷಿಗೆ ಪಹಣಿಯೇ ಬೇಕೆಂದಿಲ್ಲ. ಹಿರಿಯರ ಹೇಳಿಕೆ, ಹಳೇ ಮನೆಯ ಗುರುತು, ಸಮಾಧಿ, ದೇವರ ಜಾಗ ಇವೂ ಸಾಕ್ಷಿಯೇ. 1974ರಲ್ಲಿ ಹಾಡಿಯವನ ಹತ್ತಿರ ಇದ್ದದ್ದು ಇವೇ ತಾನೇ!

2013ರಲ್ಲಿ ಒಡಿಶಾದ ನಿಯಮಗಿರಿ ಗುಡ್ಡದ ಗಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಕೇಳಿದರು. 12 ಗ್ರಾಮಸಭೆಗಳೂ ಬೇಡ ಎಂದವು. ಗಣಿ ನಿಂತಿತು. 2019ರ ಫೆಬ್ರುವರಿಯಲ್ಲಿ ಅದೇ ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಲು ಆದೇಶಿಸಿತು. ಆ ಅರ್ಜಿಗಳನ್ನು ಸರಿಯಾಗಿ ವಿಚಾರಿಸಿ ತಿರಸ್ಕರಿಸಿದ್ದಾರೆಯೇ ಎಂಬ ಪ್ರಶ್ನೆ ಎದ್ದು, ಎರಡೇ ವಾರದಲ್ಲಿ ಆ ಆದೇಶಕ್ಕೆ ತಡೆ ಬಿತ್ತು.

ಅಂಗಡಿಯವರಿಗೂ ಇದೇ ಕಾನೂನು

ಇದು ಹಾಡಿಯವರ ಕಥೆ ಮಾತ್ರ ಎಂದು ಪತ್ರಿಕೆ ಮಡಚಿಟ್ಟರೆ ತಪ್ಪಾದೀತು. ಮೈಸೂರು–ಮಡಿಕೇರಿ ರಸ್ತೆ ಪಕ್ಕದಲ್ಲಿ ತಳ್ಳುಗಾಡಿ ಇಟ್ಟವರು, ಬಸ್ ಸ್ಟ್ಯಾಂಡ್ ಮುಂದೆ ಹೂವು ಮಾರುವವರು ಕೇಳಿಸಿಕೊಳ್ಳಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ 30 ದಿನದ ನೋಟಿಸ್ ಕೊಡದೆ ಬೀದಿ ವ್ಯಾಪಾರಿಯನ್ನು ಎಬ್ಬಿಸುವ ಹಾಗಿಲ್ಲ. ರಸ್ತೆ ಅಗಲ ಮಾಡಲು 2013ರ ಭೂಸ್ವಾಧೀನ ಕಾಯ್ದೆಯಡಿ ಅಂಗಡಿ ಜಾಗ ಹಿಡಿಯುವುದಾದರೆ ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ತಕರಾರು ಸಲ್ಲಿಸಬಹುದು, ಅಧಿಕಾರಿ ಅದನ್ನು ಕೇಳಲೇಬೇಕು. ಜೆ.ಸಿ.ಬಿ. ಬಂದು ನಿಂತ ಮೇಲೆ ವಕೀಲರ ಮನೆಗೆ ಓಡಿದರೆ ಪ್ರಯೋಜನ ಕಡಿಮೆ. ನೋಟಿಸ್ ಬಂದ ದಿನವೇ ತಾರೀಖು ಗುರುತು ಹಾಕಿಟ್ಟುಕೊಳ್ಳುವುದು ಜಾಣತನ. ಹಾಡಿಗೂ ಅಂಗಡಿಗೂ ಕಾನೂನಿನ ಮೂಲತತ್ತ್ವ ಒಂದೇ: ಎಬ್ಬಿಸುವ ಮೊದಲು ಕೇಳು.

ಕಡೆಗೆ ಬಂದದ್ದು ಹುಣಸೂರಿಗೇ

ಅರಣ್ಯ ಹಕ್ಕಿನ ಅರ್ಜಿ ಮೊದಲು ಗ್ರಾಮಸಭೆಯಲ್ಲಿ ಪರಿಶೀಲನೆಯಾಗಬೇಕು. ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿಗೆ. ಅಲ್ಲಿಂದ ಜಿಲ್ಲಾಧಿಕಾರಿಯವರ ಸಮಿತಿಗೆ. ತಿರಸ್ಕಾರವಾದರೆ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಅರ್ಜಿದಾರನ ಮಾತು ಕೇಳದೆ ಅವನ ವಿರುದ್ಧ ತೀರ್ಮಾನ ಮಾಡುವ ಹಾಗಿಲ್ಲ ಎಂದು ಕಾಯ್ದೆಯಲ್ಲೇ ಇದೆ.

ಆ ಉಪವಿಭಾಗ ಮಟ್ಟದ ಸಮಿತಿಯ ಅಧ್ಯಕ್ಷರು ಯಾರು? ಉಪವಿಭಾಗಾಧಿಕಾರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ನಾಲ್ಕೂ ಸೇರಿದ ಉಪವಿಭಾಗದ ಕಚೇರಿ ಎಲ್ಲಿದೆ? ಹುಣಸೂರಿನಲ್ಲಿ!

ವಾಷಿಂಗ್ಟನ್ ಮಂಡಳಿ ಶಿಫಾರಸು ಮಾಡಿತು, ಬೆಂಗಳೂರಿನ ಹೈಕೋರ್ಟು ಸಮಿತಿ ಮಾಡಿತು, ದಿಲ್ಲಿಯ ಪಾರ್ಲಿಮೆಂಟು ಕಾಯ್ದೆ ಮಾಡಿತು. ಅಷ್ಟೆಲ್ಲ ಸುತ್ತಿ ಬಂದ ಅರ್ಜಿಗೆ ಮೊಹರು ಬೀಳಬೇಕಾದದ್ದು ಬಸ್ ಇಳಿದು ನಡೆದು ಹೋಗುವಷ್ಟು ಹತ್ತಿರದ ಕಚೇರಿಯಲ್ಲಿ. ಅಲ್ಲಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕಾದು ಕೂತ ಹಾಡಿಯ ಯಜಮಾನನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಡಿಸಿ ಮಡಿಸಿ ಸವೆದ ಕಾಗದ. ಸಂಜೆ ಬಸ್ಸು ಹೊರಡುವ ಮೊದಲು ಒಳಗೆ ಕರೆದು, “ಕೂತ್ಕೊಳ್ಳಪ್ಪ, ಏನು ವಿಷಯ?” ಎಂದು ಕೇಳಿದರೆ, 1998ರಲ್ಲಿ ಕಳಿಸಿದ ಅರ್ಜಿಗೆ ಅಷ್ಟರ ಮಟ್ಟಿಗೆ ಉತ್ತರ ಸಿಕ್ಕಿದ ಹಾಗೆ.